ನೂರಕ್ಕೆ ಐವತ್ತೈದು

ದೊಡ್ಡಮ್ಮ ಸೀಗಡಿ ಶೆಡ್ಡಿನ ಕಾವಲು ಕೋಣೆಯಿಂದ ಹೊರಗೆ ಬಂದಳು. ಅಂಗಿಯ ಗುಂಡಿಗಳನ್ನು ಒಂದರದ್ದು ಇನ್ನೊಂದಕ್ಕೆ ಹಾಕಿಕೊಂಡಿದ್ದಳು. ತಲೆಗೆ ಹಾಕುವ ಪ್ಲಾಸ್ಟಿಕ್ ಟೋಪಿ ಕೈಯಲ್ಲಿತ್ತು. ಬಿಳಿ ಕೂದಲು ಬಿಚ್ಚಿ ಬೆನ್ನ ಮೇಲೆ ಬಿದ್ದಿತ್ತು. ಕೂದಲೊಳಗೂ ಬೆರಳಾಡಿಸಿ ನೋಡಿದ್ದರು. ಅರವತ್ತೈದು ದಾಟಿದ ಹೆಂಗಸಿನ ಕೂದಲಲ್ಲಿ ಎಷ್ಟು ಸೀಗಡಿ ಬಚ್ಚಿಡಬಹುದೆಂದು ಹುಡುಕಿಸಿದ ಮಹಾಶಯರು ಲೆಕ್ಕ ಹಾಕಿದ್ದರೋ ಇಲ್ಲವೋ ಗೊತ್ತಿಲ್ಲ.

ಏನೂ ಸಿಕ್ಕಿರಲಿಲ್ಲ. ಸಿಗಲಿಲ್ಲ ಎಂದು ಯಾರೂ ಹೇಳಲೂ ಇಲ್ಲ. ಕಾವಲಿನವಳು ಬಾಗಿಲಲ್ಲಿ ನಿಂತು ಮುಂದಿನವಳನ್ನು ಎಂದಿನಂತೆ ಕೈ ಎತ್ತಲು ಕರೆದಳು.

ಹೊರಗೆ ಐವತ್ತೊಂಬತ್ತು ಹೆಂಗಸರು ಸಾಲುಗಟ್ಟಿ ನಿಂತಿದ್ದರು. ದಿನವೂ ಶಿಫ್ಟ್ ಮುಗಿದ ಮೇಲೆ ಈ ಸಾಲು ಇದ್ದದ್ದೇ. ಕೈ ಎತ್ತಿ ನಿಂತರೆ ಕಾವಲಿನವಳು ಮೈಮೇಲೆ ಕೈಯಾಡಿಸಿ ಬಿಡುತ್ತಿದ್ದಳು. ಒಳಗೆ ಕರೆದು ಬಟ್ಟೆ ಬಿಚ್ಚಿಸಿದ್ದು ಮಾತ್ರ ಇದೇ ಮೊದಲು. ಸಾಲಿನಲ್ಲಿ ಎಲ್ಲರೂ ತಮ್ಮ ತಮ್ಮ ಗಂಬೂಟುಗಳನ್ನು ನೋಡಿಕೊಳ್ಳುತ್ತಿದ್ದರು. ಎಡಚಿಯೂ ಅದನ್ನೇ ಮಾಡಿದಳು.

ಎಡಚಿ ಎಂದರೆ ಎಡಗೈಯಲ್ಲಿ ಸಿಪ್ಪೆ ಬಿಡಿಸುವವಳು. ಶೆಡ್ಡಿನಲ್ಲಿ ಅವಳಿಗೆ ಬೇರೆ ಹೆಸರಿರಲಿಲ್ಲ. ದೊಡ್ಡಮ್ಮ ಅವಳ ತಾಯಿಯ ಅಕ್ಕ. ತಾಯಿ ಸತ್ತಾಗ ಮೂರು ವರ್ಷದ ಎಡಚಿಯನ್ನು ಸೊಂಟಕ್ಕೇರಿಸಿಕೊಂಡು ಬಂದು ಸಾಕಿದವಳು. ಇಪ್ಪತ್ತಕ್ಕೆ ಇದೇ ಶೆಡ್ಡಿಗೆ ಕರೆತಂದು, ಮೊದಲ ಸೀಗಡಿಯನ್ನು ಕೈಗಿಟ್ಟು, ತಲೆ ಎಲ್ಲಿ ಮುರಿಯಬೇಕು, ಬೆನ್ನಿನ ಕರಿ ನರ ಹೇಗೆ ಎಳೆಯಬೇಕು ಎಂದು ಕಲಿಸಿದವಳು. ಆ ದೊಡ್ಡಮ್ಮ ತಪ್ಪು ಗುಂಡಿ ಹಾಕಿಕೊಂಡು ಎದುರಿಗೆ ಬಂದಾಗ ಎಡಚಿ ಸಾಲು ಬಿಟ್ಟು ಕದಲಲಿಲ್ಲ. ಕದಲಿದರೆ ಮುಂದಿನ ಸರದಿ ತನ್ನದು ಎಂಬ ಭಯ. ಆ ಭಯಕ್ಕೆ ಅವಳು ಆಮೇಲೆ ಎಷ್ಟು ದಿನ ತನ್ನನ್ನೇ ಬೈದುಕೊಂಡಳೋ.

ಗೋಡೆಯ ಮೇಲೆ ಬಿಳಿ ಬೋರ್ಡು. ಎಡಗಡೆಯಿಂದ ನಂಬರು, ಕೊಟ್ಟ ಕೆಜಿ, ವಾಪಸು ಬಂದ ಕೆಜಿ, ಪರ್ಸೆಂಟು. ದೊಡ್ಡಮ್ಮನ ನಂಬರು ನಾಲ್ಕು. ಕೊಟ್ಟದ್ದು ನಲವತ್ತು. ಬಂದದ್ದು ಇಪ್ಪತ್ತು. ಐವತ್ತು ಪರ್ಸೆಂಟ್. ಅದರ ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ ಒಂದು ಪದ ಬರೆದಿತ್ತು. ಕಳವು.

ಈ ಪರ್ಸೆಂಟು ಶೆಡ್ಡಿಗೆ ಬಂದು ಮೂರು ತಿಂಗಳಾಗಿತ್ತು. ಅದನ್ನು ತಂದವನು ಹೊಸ ಸೂಪರ್‌ವೈಸರ್. ಇಸ್ತ್ರಿ ಮುರಿಯದ ಅಂಗಿ, ಎದೆಯ ಜೇಬಿನಲ್ಲಿ ಮೂರು ಬಣ್ಣದ ಪೆನ್ನು, ಮೂಗಿಗೆ ಸದಾ ಮಾಸ್ಕು. ಬಂದ ದಿನವೇ ಅರವತ್ತು ಜನರನ್ನೂ ನಿಲ್ಲಿಸಿ ಭಾಷಣ ಬಿಗಿದಿದ್ದ. “ನೂರು ಕೆಜಿ ಒಳಗೆ ಹೋದ್ರೆ ಐವತ್ತೈದು ಕೆಜಿ ಹೊರಗೆ ಬರಬೇಕು. ತಲೆ, ಸಿಪ್ಪೆ, ಕಾಲು, ನರ ಎಲ್ಲಾ ಸೇರಿ ನಲವತ್ತೈದು. ಐವತ್ತೈದಕ್ಕಿಂತ ಕಡಿಮೆ ಬಂತು ಅಂದ್ರೆ ಮಾಲು ಕಾಲು ಮೂಡಿ ನಡ್ಕೊಂಡು ಹೋಗಿಲ್ಲ. ಯಾರೋ ಎತ್ತಿದಾರೆ ಅಂತ ಅರ್ಥ.” ಮಾತಿಗೊಮ್ಮೆ ಪರ್ಸೆಂಟು ಎನ್ನುತ್ತಿದ್ದ. ಅಂದು ಸಂಜೆಯೊಳಗೆ ಹೆಂಗಸರು ಅವನಿಗೆ ಪರ್ಸೆಂಟಪ್ಪ ಎಂದು ನಾಮಕರಣ ಮಾಡಿ ಮುಗಿಸಿದ್ದರು.

ಹೆಸರಿಟ್ಟು ನಕ್ಕದ್ದಷ್ಟೇ ಬಂತು. ಪರ್ಸೆಂಟು ಎಂದರೇನು ಎಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. “ಇವತ್ತು ನಮ್ಮ ಮೇಜಿಂದು ಬಿದ್ದೋಯ್ತು ಕಣೇ” ಎಂದು ಜ್ವರದ ಸುದ್ದಿ ಹೇಳುವ ಹಾಗೆ ಹೇಳಿಕೊಳ್ಳುತ್ತಿದ್ದರು. ಅದು ಮೇಲೇರುವುದೂ ಬೀಳುವುದೂ ಅವರವರ ಹಣೆಬರಹ ಎಂದುಕೊಂಡಿದ್ದರು. ಬಿದ್ದ ಮೇಜಿನವರಿಗೆ ಆ ದಿನದ ಕೂಲಿಯಲ್ಲಿ ಕಡಿತ. ಕೇಳುವವರಿರಲಿಲ್ಲ. ಕೇಳಿದರೆ “ಬೋರ್ಡ್ ನೋಡು” ಎಂಬ ಉತ್ತರ.

ಕೆಲಸವೇನು ಸಾಮಾನ್ಯದ್ದೇ? ಬೆಳಗಿನ ಆರಕ್ಕೆ ಶುರು. ಉಕ್ಕಿನ ಮೇಜಿನ ಮುಂದೆ ಹತ್ತು ಗಂಟೆ ನಿಲ್ಲಬೇಕು. ಕೂರಲು ಏನೂ ಇಲ್ಲ. ಐಸಿನಲ್ಲಿ ಹೂತ ಸೀಗಡಿಯನ್ನು ಬರಿಗೈಯಲ್ಲಿ ಎತ್ತಬೇಕು. ಗ್ಲೋವ್ಸ್ ಹಾಕಿದರೆ ನರ ಸಿಗುವುದಿಲ್ಲ, ಕೈ ಓಡುವುದಿಲ್ಲ. ತಲೆಯ ಮೇಲಿನ ಮುಳ್ಳು ಬೆರಳಿಗೆ ಚುಚ್ಚುತ್ತದೆ. ಚುಚ್ಚಿದ ಜಾಗಕ್ಕೆ ಸೀಗಡಿಯ ರಸ ಇಳಿದು ಚರ್ಮ ತಿನ್ನುತ್ತದೆ. ಊಟದ ಹೊತ್ತಿಗೆ ಹೆಂಗಸರು ಪಟಿಕದ ನೀರಿನಲ್ಲಿ ಕೈ ಅದ್ದಿ ಹಲ್ಲು ಕಚ್ಚಿಕೊಂಡು ನಿಲ್ಲುತ್ತಿದ್ದರು. ಆಫೀಸಿನ ಕಡೆಯ ಕಕ್ಕಸು ಅವರಿಗಿಲ್ಲ. ಆಫೀಸಿನ ನೀರಿನ ಯಂತ್ರವೂ ಇಲ್ಲ. ವಾಸನೆ ಹತ್ತುತ್ತದಂತೆ. ಆ ವಾಸನೆಯನ್ನು ಪೆಟ್ಟಿಗೆಯಲ್ಲಿಟ್ಟು ಹಡಗು ಹತ್ತಿಸಿದರೆ ಮಾತ್ರ ಅದು ಮಾಲು.

ಸಂಜೆ ಬಸ್ಸಿನಲ್ಲಿ ಹಿಂದಿನ ಬಾಗಿಲ ಬಳಿಯೇ ಅವರು ನಿಲ್ಲಬೇಕು. ಕೂತವರು ಮೂಗಿಗೆ ಬಟ್ಟೆ ಹಿಡಿಯುತ್ತಾರೆ. ಅಂದು ದೊಡ್ಡಮ್ಮನ ಪಕ್ಕದಲ್ಲೇ ಒಂದು ಸೀಟು ಖಾಲಿಯಾಯಿತು. ಅವಳು ಕೂರಲಿಲ್ಲ. ಮನೆಯವರೆಗೂ ನಿಂತೇ ಬಂದಳು.

ಮನೆ ಎಂದರೆ ಒಂದೇ ಕೋಣೆ. ಎಡಚಿಯ ಮಗಳು, ನಾದಿನಿ, ದೊಡ್ಡಮ್ಮ, ಎಲ್ಲರೂ ಅದರಲ್ಲೇ. ನಾದಿನಿ ಎಂದರೆ ಸತ್ತ ಗಂಡನ ತಂಗಿ, ಅದೇ ಶೆಡ್ಡಿನಲ್ಲಿ ಎಡಚಿಯ ಎದುರು ಮೇಜಿನವಳು. ಎಲ್ಲರೂ ಉಂಡರು. ದೊಡ್ಡಮ್ಮ ತಟ್ಟೆ ಮುಟ್ಟಲಿಲ್ಲ. ಗೋಡೆಗೊರಗಿ ಕೂತು ಕೇಳಿದಳು.

“ಐದು ಪರ್ಸೆಂಟು ಕಮ್ಮಿ ಅಂದ್ರೆ ಎಷ್ಟೇ ಅದು?”

“ಈಗ ಯಾಕೆ ಬಿಡು ದೊಡ್ಡಮ್ಮ.”

“ಹೇಳೇ. ನಾನು ಎಷ್ಟು ಕದ್ದೆ ಅಂತ ಅವ್ರು ಅಂತಿರೋದು? ಅದಾದ್ರೂ ಗೊತ್ತಾಗಲಿ ನಂಗೆ.”

ಎಡಚಿ ಲೆಕ್ಕ ಹಾಕಿದಳು. ನೂರಕ್ಕೆ ಐದು. ಇಪ್ಪತ್ತಕ್ಕೆ ಒಂದು. ನಲವತ್ತಕ್ಕೆ ಎರಡು. “ಎರಡು ಕೆಜಿ” ಎಂದಳು.

ದೊಡ್ಡಮ್ಮ ತನ್ನ ಮಡಿಲನ್ನು ನೋಡಿಕೊಂಡಳು. ಎರಡೂ ಕೈಗಳನ್ನು ಮಡಿಲ ಮೇಲೆ ಅಗಲಿಸಿ ಅಳತೆ ನೋಡಿದಳು. “ಎರಡು ಕೆಜಿ. ನೀನು ಹುಟ್ಟಿದಾಗ ಅಷ್ಟೇ ಇದ್ದೆ. ಆ ಕೋಣೇಲಿ ನನ್ನ ಮೈಮೇಲೆ ಒಂದು ನೂಲೂ ಇರ್ಲಿಲ್ಲ ಕಣೇ. ಅಷ್ಟು ದೊಡ್ಡದನ್ನ ನಾನು ಎಲ್ಲಿ ಇಟ್ಕೊಂಡಿರ್ತೀನಿ ಅಂತ ಅವ್ರು ಅಂದ್ಕೊಂಡ್ರು?”

ನಾದಿನಿ ಮುಖ ಆ ಕಡೆ ತಿರುಗಿಸಿಕೊಂಡಳು. ಎಡಚಿಗೆ ಬೈಯಬೇಕೆನಿಸಿತು, ಯಾರನ್ನು ಎಂದು ತಿಳಿಯಲಿಲ್ಲ. ಎರಡು ಕೆಜಿ ಹೋದದ್ದಂತೂ ನಿಜ. ಬೋರ್ಡಿನ ಮೇಲೆ ಹೋಗಿದೆ. ಕದ್ದಿಲ್ಲ. ಹಾಗಾದರೆ ಎಲ್ಲಿ ಹೋಯಿತು?

ಎಡಚಿಗೆ ಪರ್ಸೆಂಟಿನ ಏಟು ಬೇರೆ ಕಡೆಯೂ ಬಿದ್ದಿತ್ತು. ಹೋದ ತಿಂಗಳು ಮಗಳಿಗೆಂದು ಬಟ್ಟೆ ಅಂಗಡಿಗೆ ಹೋಗಿದ್ದಳು. ಬಾಗಿಲಿಗೆ ದೊಡ್ಡ ಅಕ್ಷರದಲ್ಲಿ ಬರೆದು ಹಾಕಿದ್ದರು. ಐವತ್ತು ಪರ್ಸೆಂಟ್ ಕಡಿತ, ಅದರ ಮೇಲೆ ಇಪ್ಪತ್ತು ಪರ್ಸೆಂಟ್ ಕಡಿತ. ಐವತ್ತೂ ಇಪ್ಪತ್ತೂ ಎಪ್ಪತ್ತು. ಸಾವಿರದ ಬಟ್ಟೆ ಮುನ್ನೂರಕ್ಕೆ. ಮುನ್ನೂರನ್ನೇ ಮುಷ್ಟಿಯಲ್ಲಿ ಹಿಡಿದು ಹೋಗಿದ್ದಳು. ಬಿಲ್ಲಿನ ಹುಡುಗಿ ನಾನೂರು ಎಂದಳು. ಎಡಚಿ ಜಗಳ ತೆಗೆದಳು. ಹಿಂದೆ ನಿಂತವರು ನಕ್ಕರು. “ಲೆಕ್ಕ ಬರ್ದೇ ಇದ್ರೆ ಜೊತೆಗೆ ಯಾರನ್ನಾದ್ರೂ ಕರ್ಕೊಂಡು ಬನ್ನಿ” ಎಂದಳು ಹುಡುಗಿ, ಮೂಗು ಮುಚ್ಚಿಕೊಂಡು. ಬಟ್ಟೆ ಅಲ್ಲೇ ಬಿಟ್ಟು ಮಗಳ ಕೈ ಹಿಡಿದು ಹೊರಗೆ ಬಂದಾಗ ಎಡಚಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತ್ತು.

ಸೋತು ಸುಮ್ಮನಿರುವ ಜಾಯಮಾನ ಅವಳದಲ್ಲ. ಮರುದಿನ ಊಟದ ಹೊತ್ತಿನಲ್ಲಿ ಮೇಜಿನ ಮೇಲೆ ನೂರು ಸೀಗಡಿ ಎಣಿಸಿ ಸಾಲಾಗಿಟ್ಟಳು. ಐವತ್ತನ್ನು ಪಕ್ಕಕ್ಕೆ ತಳ್ಳಿದಳು. ಉಳಿದದ್ದು ಐವತ್ತು. ಇನ್ನು ನೂರಕ್ಕೆ ಇಪ್ಪತ್ತು ತೆಗೆಯಬೇಕು. ನೂರು ಎಲ್ಲಿದೆ? ಮೇಜಿನ ಮೇಲೆ ಇರುವುದೇ ಐವತ್ತು. ಇರುವುದರಲ್ಲಿ ತಾನೇ ತೆಗೆಯಬೇಕು, ಐದಕ್ಕೆ ಒಂದರಂತೆ. ಹತ್ತು ಹೋಯಿತು, ನಲವತ್ತು ಉಳಿಯಿತು. ನಾನೂರು. ಅಂಗಡಿಯ ಹುಡುಗಿ ಸುಳ್ಳು ಹೇಳಿರಲಿಲ್ಲ. ಬಾಗಿಲಿಗೆ ಬರೆದವನೂ ಸುಳ್ಳು ಬರೆದಿರಲಿಲ್ಲ. ಎರಡನೆಯ ಇಪ್ಪತ್ತು ಯಾವುದರ ಮೇಲೆ ಎಂಬುದನ್ನು ಮಾತ್ರ ಹೇಳಿರಲಿಲ್ಲ. ಅಂದಿನಿಂದ ಯಾರು ಪರ್ಸೆಂಟು ಎಂದರೂ ಅವಳ ತಲೆಯಲ್ಲಿ ಮೊದಲು ಏಳುತ್ತಿದ್ದ ಪ್ರಶ್ನೆ ಒಂದೇ. ಯಾವುದರಲ್ಲಿ?

ಗೋಡೆಗೊರಗಿದ ದೊಡ್ಡಮ್ಮನನ್ನು ಮಲಗಿದಲ್ಲಿಂದಲೇ ನೋಡುತ್ತ ಎಡಚಿ ಅದನ್ನೇ ಕೇಳಿಕೊಂಡಳು. ಇಪ್ಪತ್ತು ಕೆಜಿ, ಐವತ್ತು ಪರ್ಸೆಂಟು. ಯಾವುದರಲ್ಲಿ? ನಲವತ್ತರಲ್ಲಿ. ಆ ನಲವತ್ತನ್ನು ತೂಗುವುದು ಎಲ್ಲಿ? ಗೇಟಿನಲ್ಲಿ, ಲಾರಿಯಿಂದ ಇಳಿಸುವಾಗ. ಆಗ ಕ್ರೇಟಿನ ತುಂಬ ಐಸು. ಮೇಜಿಗೆ ಬರುವ ಹೊತ್ತಿಗೆ ಆ ಐಸು ಕರಗಿ ಮೋರಿಗೆ ಹೋಗಿರುತ್ತದೆ.

ಅವಳು ಎದ್ದು ಕೂತಳು. ಇಷ್ಟು ಸಣ್ಣ ವಿಷಯ. ಮೂರು ತಿಂಗಳು ಅರವತ್ತು ಜನರ ಕಣ್ಣೆದುರೇ ಹರಿದು ಹೋಗುತ್ತಿತ್ತು.

ಮತ್ತೆ ಐವತ್ತೊಂಬತ್ತು ಜನರಿಗೆ ಐವತ್ತೈದು ಹೇಗೆ ಬರುತ್ತಿತ್ತು? ಅದಕ್ಕೆ ಉತ್ತರ ಎಡಚಿಗೆ ಮೊದಲೇ ಗೊತ್ತಿತ್ತು, ಹೇಳಿಕೊಳ್ಳುವಂಥದ್ದಾಗಿರಲಿಲ್ಲ. ಶೆಡ್ಡಿನಲ್ಲಿ ಅದಕ್ಕೆ ನೀರು ಕುಡಿಸುವುದು ಎನ್ನುತ್ತಿದ್ದರು. ಸಿಪ್ಪೆ ಬಿಡಿಸಿದ ಸೀಗಡಿಯನ್ನು ಐಸ್ ನೀರಿನಲ್ಲಿ ಒಂದಷ್ಟು ಹೊತ್ತು ಹಾಗೇ ಬಿಟ್ಟರೆ ಉಬ್ಬಿ ಭಾರವಾಗುತ್ತದೆ. ಇಪ್ಪತ್ತು ಕೆಜಿ ಇಪ್ಪತ್ತೆರಡಾಗುತ್ತದೆ. ಯಾರೂ ಕಲಿಸಿದ್ದಲ್ಲ. ಬೋರ್ಡು ಬಂದ ವಾರದೊಳಗೆ ಎಲ್ಲರೂ ತಾವೇ ಕಲಿತಿದ್ದರು. ಪರ್ಸೆಂಟಪ್ಪ ಆ ತೊಟ್ಟಿಗಳ ಪಕ್ಕ ಹಾದುಹೋಗುವಾಗ ಮಾಡಿನ ಹೆಂಚು ಎಣಿಸುತ್ತಿದ್ದ. ಯಾಕೆ ತಡೆಯುತ್ತಾನೆ? ಆ ನೀರೂ ಹೆಪ್ಪುಗಟ್ಟಿ ಸೀಗಡಿಯ ಬೆಲೆಗೇ ಮಾರಾಟವಾಗುತ್ತಿತ್ತು.

ದೊಡ್ಡಮ್ಮ ಮಾತ್ರ ನೀರು ಕುಡಿಸಲಿಲ್ಲ. ಈಗಿನ ಯಜಮಾನನ ಅಪ್ಪನ ಕಾಲದಲ್ಲಿ ಕೆಲಸ ಕಲಿತವಳು ಅವಳು. ಆತ ಒಂದು ಹಿಡಿ ಸೀಗಡಿ ತೆಗೆದು ಹಿಂಡಿ, ನೀರು ತೊಟ್ಟಿಕ್ಕಿದರೆ ಇಡೀ ತಟ್ಟೆಯನ್ನು ನೆಲಕ್ಕೆ ಬಡಿಯುತ್ತಿದ್ದನಂತೆ. ಅಂದಿನಿಂದ ಬಂದ ಅಭ್ಯಾಸ. ಜರಡಿಯಲ್ಲಿ ಎತ್ತಿ, ಮೂರು ಸಲ ಕೊಡವಿ, ನೀರು ಬಸಿದ ಮೇಲೆಯೇ ತೂಕಕ್ಕೆ ಇಡುತ್ತಿದ್ದಳು. ಹಿಂದೆಲ್ಲ ಒಂದು ಮೇಜಿನ ಎಲ್ಲರ ತೂಕವನ್ನೂ ಸೇರಿಸಿ ಬರೆಯುತ್ತಿದ್ದರು, ಹೇಗೋ ನಡೆಯುತ್ತಿತ್ತು. ಅಂದೇ ಮೊದಲ ಸಲ ಒಬ್ಬೊಬ್ಬರದೂ ಬೇರೆ ಬೇರೆ ಬರೆದಿದ್ದರು. ಎಡಚಿ ಗುಟ್ಟಾಗಿ ಹೇಳಿದ್ದಳು, ಎಲ್ಲರಂತೆ ನೀರಲ್ಲಿ ಬಿಡು ಎಂದು. “ನೀರು ಮಾರೋಕೆ ನಂಗೆ ಬರಲ್ಲ ಕಣೇ” ಎಂದಿದ್ದಳು ದೊಡ್ಡಮ್ಮ.

ಹೀಗೆ ಅರವತ್ತು ಜನರಲ್ಲಿ ಮೋಸ ಮಾಡದ ಒಬ್ಬಳೇ ಒಬ್ಬಳು ಕಳ್ಳಿಯಾದಳು.

ಮರುದಿನ ಬೆಳಕು ಹರಿಯುವ ಮೊದಲೇ ಎಡಚಿ ಗೇಟಿನಲ್ಲಿದ್ದಳು. ಲಾರಿ ಬಂದು ನಿಂತಿತ್ತು. ತೂಕದವನು ಕ್ರೇಟುಗಳನ್ನು ಯಂತ್ರದ ಮೇಲಿಟ್ಟು, ಅಂಕಿ ಬರೆದುಕೊಂಡು, ಒಳಗೆ ತಳ್ಳುತ್ತಿದ್ದ. ಒಂದೊಂದು ಕ್ರೇಟೂ ಇಪ್ಪತ್ತು ಕೆಜಿ. ಒಬ್ಬೊಬ್ಬರಿಗೆ ಎರಡು ಕ್ರೇಟು.

“ನಂದು ಎರಡು ಇಲ್ಲೇ ಬಿಡಣ್ಣ” ಎಂದಳು.

“ಯಾಕಮ್ಮ?”

“ಬಿಡು, ನೋಡೋಣ.”

ತೂಕದವನು ಎರಡು ಕ್ರೇಟನ್ನು ಪಕ್ಕಕ್ಕಿಟ್ಟ. ಎಡಚಿ ದೊಡ್ಡ ಜರಡಿ ತಂದಳು. ಮೊದಲ ಕ್ರೇಟನ್ನು ಅದರ ಮೇಲೆ ಸುರಿದಳು. ಐಸಿನ ತುಂಡುಗಳನ್ನು ಒಂದೊಂದಾಗಿ ಹೆಕ್ಕಿ ಹೊರಗೆಸೆದಳು. ನೀರು ಸುರಿದುಹೋಗುವ ತನಕ ಜರಡಿ ಅಲುಗಿಸಿದಳು. ಎಡಗೈಯ ಬೆರಳುಗಳು ಸೆಟೆದು ನೀಲಿಯಾದವು. ಒಬ್ಬೊಬ್ಬರೇ ಹೆಂಗಸರು ಬಸ್ಸಿಳಿದು ಬಂದು ಸುತ್ತ ನಿಂತರು. ದೊಡ್ಡಮ್ಮನೂ ಬಂದಳು. ಬರಬೇಡ ಎಂದರೂ ಕೇಳಿರಲಿಲ್ಲ. ನಾನು ಬರದೇ ಹೋದರೆ ಕದ್ದಿದ್ದು ನಿಜ ಅಂದುಕೊಳ್ಳುತ್ತಾರೆ ಎಂಬುದು ಅವಳ ಮಾತು.

ಬಸಿದ ಸೀಗಡಿಯನ್ನು ಖಾಲಿ ಕ್ರೇಟಿಗೆ ತುಂಬಿ ಯಂತ್ರದ ಮೇಲಿಟ್ಟಳು. ಕ್ರೇಟಿನ ತೂಕ ಕಳೆದು ಅಂಕಿ ನಿಂತಿತು. ಹದಿನೆಂಟು. ಎರಡನೆಯದೂ ಹದಿನೆಂಟು, ಇಪ್ಪತ್ತು ಗ್ರಾಂ ಕಮ್ಮಿ.

“ಏನಿದು ಜಾತ್ರೆ?” ಪರ್ಸೆಂಟಪ್ಪ ಬಂದಿದ್ದ. ಮಾಸ್ಕಿನ ಮೇಲೆ ಕಣ್ಣು ಮಾತ್ರ ಕಾಣುತ್ತಿತ್ತು.

“ನಲವತ್ತು ಅಂತ ಬರ್ಕೊಂಡ್ರಲ್ಲ ಸಾರ್, ಅದು ಮೂವತ್ತಾರು. ಮಿಕ್ಕ ನಾಲ್ಕು ಕೆಜಿ ಐಸು.” ಎಡಚಿ ಯಂತ್ರದ ಅಂಕಿ ತೋರಿಸಿದಳು. “ನಿನ್ನೆ ದೊಡ್ಡಮ್ಮ ಇಪ್ಪತ್ತು ಕೆಜಿ ಕೊಟ್ಲು. ಮೂವತ್ತಾರರಲ್ಲಿ ಇಪ್ಪತ್ತು. ನೂರಕ್ಕೆ ಐವತ್ತೈದೂವರೆ ಆಗುತ್ತೆ. ಮೂವತ್ತಾರಕ್ಕೆ ನೀವು ಕೇಳೋ ಐವತ್ತೈದು ಹಾಕಿದ್ರೆ ಹತ್ತೊಂಬತ್ತು ಕೆಜಿ ಎಂಟುನೂರು ಗ್ರಾಂ. ಅವ್ಳು ಇನ್ನೂರು ಗ್ರಾಂ ಜಾಸ್ತಿನೇ ಕೊಟ್ಟಿದಾಳೆ.”

“ನಿನ್ನೆ ಎಷ್ಟು ಐಸಿತ್ತು ಅಂತ ನಿಂಗೇನು ಗೊತ್ತು?”

“ದಿನಾ ಅಷ್ಟೇ ಇರುತ್ತೆ ಸಾರ್” ಎಂದ ತೂಕದವನು, ಯಂತ್ರವನ್ನೇ ನೋಡುತ್ತ.

ಪರ್ಸೆಂಟಪ್ಪ ಅವನ ಕಡೆ ತಿರುಗಿದ. ಆಮೇಲೆ ನಿಧಾನಕ್ಕೆ ಎಡಚಿಯ ಕಡೆ. ಅವನೇನು ದಡ್ಡನಲ್ಲ. “ಸರಿ. ಎಲ್ಲರಿಗೂ ಅದೇ ಲಾರಿ, ಅದೇ ಐಸು. ಮಿಕ್ಕ ಐವತ್ತೊಂಬತ್ತು ಜನಕ್ಕೆ ಐವತ್ತೈದು ಬಂತು. ಇವಳೊಬ್ಬಳಿಗೆ ಮಾತ್ರ ಯಾಕೆ ಬರಲಿಲ್ಲ? ಹೇಳಮ್ಮ, ಲೆಕ್ಕದವಳು.”

ಎಡಚಿಯ ಎದುರಿಗೆ ನಾದಿನಿ ನಿಂತಿದ್ದಳು. ಕಣ್ಣಿನಲ್ಲೇ ಬೇಡ ಎಂದಳು. ಹೇಳಿದರೆ ಅರವತ್ತು ಜನರ ಅನ್ನಕ್ಕೂ ಕಲ್ಲು. ಹೇಳದಿದ್ದರೆ ದೊಡ್ಡಮ್ಮ ಸಾಯುವ ತನಕ ಕಳ್ಳಿ.

“ನಾನು ನೀರು ಕುಡಿಸ್ತೀನಿ ಸಾರ್” ಎಂದಳು ಎಡಚಿ. “ಬಿಡಿಸಿದ ಮಾಲನ್ನ ನೀರಲ್ಲಿ ಬಿಟ್ಟು ತೂಕಕ್ಕೆ ಇಡ್ತೀನಿ. ಮೂರು ತಿಂಗಳಿಂದ. ಅವ್ಳು ಇಡಲ್ಲ. ಅದಕ್ಕೇ ಅವಳದು ಕಮ್ಮಿ.”

ಲಾರಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಎಡಚಿ ಯಾರ ಕಡೆಗೂ ನೋಡಲಿಲ್ಲ. ತಾನೊಬ್ಬಳೇ ಬಾವಿಗೆ ಬಿದ್ದೆ ಎಂದುಕೊಂಡಳು.

“ನಾನೂ” ಎಂದಿತು ಹಿಂದಿನಿಂದ ಒಂದು ದನಿ. ಆರು ತಿಂಗಳ ಬಸುರಿ, ಐಸ್ ತೊಟ್ಟಿಯ ಪಕ್ಕದ ಮೇಜಿನವಳು. “ನಾನೂ ಕುಡಿಸ್ತೀನಿ.”

“ನಾನೂನೂ.”

“ಎಲ್ರೂ ಕುಡಿಸ್ತೀವಿ. ನೀವೇನು ನೋಡಿಲ್ವಾ ಸಾರ್? ದಿನಾ ಪಕ್ಕದಲ್ಲೇ ಹೋಗ್ತೀರಲ್ಲ.”

ಕೊನೆಗೆ ಉಳಿದವಳು ನಾದಿನಿ. ಅವಳೂ ಹೌದೆಂದು ತಲೆ ಆಡಿಸಿದಳು.

“ನಾಲ್ಕನೇ ನಂಬರ್ ಎದುರಿಗೆ ಬರೆದಿದ್ದನ್ನ ಅಳಿಸಿ ಸಾರ್” ಎಂದಳು ಎಡಚಿ. “ಅವ್ಳು ಕದ್ದಿಲ್ಲ ಅಂತ ಎಲ್ಲರ ಮುಂದೆ ಹೇಳಿ. ಆಮೇಲೆ ಒಳಗೆ ಬರ್ತೀವಿ.”

“ಅದೆಲ್ಲ ನನ್ನ ಕೈಲಿಲ್ಲ. ಕೆಲಸಕ್ಕೆ ನಡೀರಿ ಮೊದಲು.”

ಯಾರೂ ನಡೆಯಲಿಲ್ಲ. ಹೀಗೆ ಮಾಡಬೇಕೆಂದು ಯಾರೂ ಮಾತಾಡಿಕೊಂಡಿರಲಿಲ್ಲ. ಬಸುರಿಗೆ ಕಾಲು ನೋಯುತ್ತಿತ್ತು, ಅವಳು ಕೂತಳು. ಅವಳ ಪಕ್ಕದವಳು ಕೂತಳು. ಹದಿನೇಳು ವರ್ಷದಿಂದ ಆ ಆವರಣದಲ್ಲಿ ಎಡಚಿ ಒಂದು ದಿನವೂ ಕೂತಿರಲಿಲ್ಲ. ನೆಲ ಒದ್ದೆಯಾಗಿತ್ತು. ಆದರೂ ಕೂತಾಗ ಮೈಯೆಲ್ಲ ಹಗುರಾಯಿತು, ಮತ್ತು ಅದೇ ಕ್ಷಣಕ್ಕೆ ಹೆದರಿಕೆಯೂ ಆಯಿತು.

ಒಳಗೆ ಐಸೂ ಸೇರಿ ಇಪ್ಪತ್ತನಾಲ್ಕು ಕ್ವಿಂಟಾಲ್ ಮಾಲು. ಸೀಗಡಿ ಯಾರ ಮುಲಾಜೂ ನೋಡುವುದಿಲ್ಲ. ತಲೆಯಿರುವ ತನಕ ಒಳಗಿನಿಂದಲೇ ಕೆಡುತ್ತದೆ. ಮೊದಲು ಕತ್ತು ಕಪ್ಪಾಗುತ್ತದೆ, ಆಮೇಲೆ ಕಾಲು, ಆಮೇಲೆ ವಾಸನೆ. ಪರ್ಸೆಂಟಪ್ಪ ಫೋನು ಕಿವಿಗಿಟ್ಟುಕೊಂಡು ಅತ್ತಿಂದಿತ್ತ ನಡೆದ. ಬೇರೆ ಕಡೆಯಿಂದ ಜನ ಕರೆಸುತ್ತೇನೆ ಎಂದ. ಪೊಲೀಸರನ್ನು ಕರೆಸುತ್ತೇನೆ ಎಂದ. ಒಂದಷ್ಟು ಹೊತ್ತಾದ ಮೇಲೆ ಅವನೇ ಒಳಗೆ ಹೋಗಿ ಐಸು ಎತ್ತಿ ಕ್ರೇಟುಗಳಿಗೆ ಸುರಿಯತೊಡಗಿದ. ಇಸ್ತ್ರಿಯ ಅಂಗಿ ಮೊಣಕೈವರೆಗೆ ಒದ್ದೆಯಾದದ್ದನ್ನು ಹೆಂಗಸರು ಬಾಗಿಲಿನಿಂದ ನೋಡಿದರು. ಒಬ್ಬಳು “ನಿಮ್ಮ ಪರ್ಸೆಂಟ್ ಎಷ್ಟು ಬಂತು ಸಾರ್” ಎಂದು ಕೂಗಿದಳು. ನಗು ಬಂತು, ಬಂದಷ್ಟೇ ಬೇಗ ನಿಂತೂ ಹೋಯಿತು.

ಹತ್ತು ಗಂಟೆಗೆ ಯಜಮಾನ ಬಂದ. ನಲವತ್ತರ ಆಸುಪಾಸಿನವನು. ಬೈಯಲಿಲ್ಲ. ಕುರ್ಚಿ ತರಿಸಿಕೊಂಡು ಹೆಂಗಸರ ಎದುರಿಗೇ ಕೂತ. ಎಡಚಿಯ ಲೆಕ್ಕವನ್ನು ಪೂರ್ತಿ ಕೇಳಿದ. ತಲೆದೂಗಿದ.

“ಸರಿ ಹೇಳ್ತಿದೀಯ” ಎಂದ. “ನಾನೇನು ಇಲ್ಲ ಅನ್ನಲ್ಲ. ಇವತ್ತಿಂದ ಐವತ್ತೈದು ಬೇಡ, ಐವತ್ತು ಕೊಟ್ರೆ ಸಾಕು. ಐಸು ಗೀಸು ಎಲ್ಲಾ ಸರಿಹೋಗುತ್ತೆ. ಮೂರು ತಿಂಗಳಲ್ಲಿ ಯಾರ್ಯಾರಿಗೆ ಕೂಲಿ ಕಟ್ ಆಗಿದೆಯೋ ವಾಪಸ್ ಕೊಡ್ತೀನಿ. ಕೋಣೆಯೊಳಗೆ ಕರೆದು ಚೆಕ್ ಮಾಡೋದು ಇನ್ಮೇಲೆ ಇರಲ್ಲ.”

ಹೆಂಗಸರಲ್ಲಿ ಗುಸುಗುಸು ಎದ್ದಿತು. ಇಷ್ಟು ಸುಲಭಕ್ಕೆ ಇಷ್ಟು ಸಿಗುತ್ತದೆಂದು ಯಾರೂ ಎಣಿಸಿರಲಿಲ್ಲ. ಕೆಲವರು ಏಳಲು ನೆಲಕ್ಕೆ ಕೈಯೂರಿದರು.

“ನಾಲ್ಕನೇ ನಂಬರು?” ಎಂದಳು ಎಡಚಿ.

ಯಜಮಾನ ದೊಡ್ಡಮ್ಮನ ಕಡೆ ನೋಡಲಿಲ್ಲ. “ಅದು ಬರೆದಾಗಿದೆ. ಆಫೀಸಿನ ಪುಸ್ತಕಕ್ಕೂ ಹೋಗಿದೆ. ಈಗ ಅಳಿಸಿದ್ರೆ ಏನರ್ಥ? ತಪ್ಪಿಲ್ಲದ ಹೆಂಗಸಿನ ಬಟ್ಟೆ ಬಿಚ್ಚಿಸಿದ್ವಿ ಅಂತ ನಾವೇ ಬರ್ಕೊಟ್ಟ ಹಾಗಾಗುತ್ತೆ. ಅವಳಿಗೂ ವಯಸ್ಸಾಯ್ತು. ಬರಬೇಕಾದ ಕೂಲಿ ಚುಕ್ತಾ ಮಾಡಿ ಕಳಿಸ್ತೀನಿ.” ಅವನು ಸ್ವಲ್ಪ ಮುಂದಕ್ಕೆ ಬಾಗಿದ. “ನಿಂಗೆ ಲೆಕ್ಕ ಬರುತ್ತಲ್ಲ, ನೀನೇ ಹಾಕು. ಅರವತ್ತರಲ್ಲಿ ಒಬ್ಬಳು. ನೂರಕ್ಕೆ ಎರಡೂ ಆಗಲ್ಲ. ಆ ಎರಡಕ್ಕೋಸ್ಕರ ಮಿಕ್ಕ ತೊಂಬತ್ತೆಂಟರ ಹೊಟ್ಟೆ ಮೇಲೆ ಹೊಡೀತೀಯ?”

ಲೆಕ್ಕ ಸರಿಯಾಗಿಯೇ ಇತ್ತು. ಅರವತ್ತರಲ್ಲಿ ಒಂದು, ನೂರಕ್ಕೆ ಒಂದೂಮುಕ್ಕಾಲೂ ತುಂಬುವುದಿಲ್ಲ. ಎಡಚಿಯ ತಲೆ ತನಗೆ ತಾನೇ ಆ ಲೆಕ್ಕ ಹಾಕಿ ಮುಗಿಸಿತ್ತು. ಹಾಕಿದ್ದಕ್ಕೆ ತನ್ನ ತಲೆಯ ಮೇಲೆಯೇ ಅವಳಿಗೆ ಅಸಹ್ಯ ಬಂತು.

“ಅತ್ತಿಗೆ” ಎಂದಳು ನಾದಿನಿ ಪಕ್ಕಕ್ಕೆ ಬಂದು, ಮೆಲ್ಲಗೆ. “ಒಪ್ಕೊಂಡ್ಬಿಡು. ದೊಡ್ಡಮ್ಮನ್ನ ಮನೇಲಿ ನಾವು ನೋಡ್ಕೊಳ್ಳಲ್ವಾ? ಅವ್ರಿಗೂ ಸಾಕಾಗಿದೆ. ಎಲ್ರೂ ನಿನ್ನೇ ನೋಡ್ತಿದಾರೆ.”

“ಕಳ್ಳಿ ಅನ್ನಿಸ್ಕೊಂಡು ಮನೇಲಿರ್ತಾಳಾ?”

“ಒಂದು ಪದ ತಾನೇ ಅತ್ತಿಗೆ.”

“ನಿನ್ನ ಹೆಸರಿನ ಮುಂದೆ ಬರೆದಿದ್ರೆ?”

ನಾದಿನಿ ಹೋಗಿ ತನ್ನ ಜಾಗದಲ್ಲಿ ಕೂತಳು. ಆದರೆ ಹಿಂದಿನ ಸಾಲಿನಲ್ಲಿ ನಾಲ್ಕು ಜನ ಎದ್ದು ನಿಂತಿದ್ದರು. ಮತ್ತೆ ಮೂವರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಎಡಚಿಗೆ ಆಗಲಿಲ್ಲ. ಒಬ್ಬೊಬ್ಬರ ಮನೆಯ ಒಲೆಯೂ ಅವಳಿಗೆ ಗೊತ್ತಿತ್ತು. ಯಜಮಾನ ಗಡಿಯಾರ ನೋಡಿಕೊಂಡ. ಅವನಿಗೆ ಕಾಯುವುದು ಗೊತ್ತಿತ್ತು.

ಆಗ ದೊಡ್ಡಮ್ಮ ಎದ್ದಳು. ಮೊಣಕಾಲು ಹಿಡಿದುಕೊಂಡು, ಎಡಚಿಯ ಹೆಗಲಿಗೆ ಕೈಯೂರಿ ಎದ್ದಳು.

“ಹೋಗ್ಲಿ ಬಿಡ್ರೇ” ಎಂದಳು. “ನನ್ನ ದೆಸೆಯಿಂದ ಯಾಕೆ? ನಾನು ಮನೆಗೆ ಹೋಗ್ತೀನಿ. ನೀವು ಒಳಗೆ ನಡೀರಿ, ಮಾಲು ಕೆಡುತ್ತೆ.”

“ದೊಡ್ಡಮ್ಮ, ಕೂತ್ಕೋ.”

“ಬಿಡೇ.”

ಎಡಚಿ ಅವಳ ಬಟ್ಟೆಯ ತುದಿ ಹಿಡಿದಳು. ದೊಡ್ಡಮ್ಮ ಬಿಡಿಸಿಕೊಂಡಳು. ಜೋರೇನೂ ಮಾಡಲಿಲ್ಲ. ಸೀಗಡಿಯ ಕಾಲು ಬಿಡಿಸುವಷ್ಟೇ ಸಲೀಸಾಗಿ ಬಿಡಿಸಿಕೊಂಡಳು. ಗೇಟಿನ ಕಡೆ ನಡೆದಳು. ಅಂಗಳ ದೊಡ್ಡದೇನಲ್ಲ, ಮೂವತ್ತು ಹೆಜ್ಜೆ. ಅವಳು ಅದನ್ನು ನಡೆಯುವುದನ್ನು ಐವತ್ತೊಂಬತ್ತು ಹೆಂಗಸರು ನೋಡಿದರು. ಯಾರಿಗೂ ಎದ್ದು ಒಳಗೆ ಹೋಗಲೂ ಆಗಲಿಲ್ಲ, ಅವಳನ್ನು ತಡೆಯಲೂ ಆಗಲಿಲ್ಲ. ಯಜಮಾನ ಕುರ್ಚಿಯಿಂದ ಎದ್ದು, ಪ್ಯಾಂಟಿನ ಮಡಿಕೆ ಸರಿಮಾಡಿಕೊಂಡ.

ಗೇಟಿನಲ್ಲಿ ಕಾವಲಿನವಳು ನಿಂತಿದ್ದಳು. ಅವಳಿಗೆ ಅಂಗಳದ ಮಾತುಕತೆ ಅರ್ಧ ಕೇಳಿಸಿತ್ತು, ಅರ್ಧ ಇಲ್ಲ. ಹೊರಗೆ ಹೋಗುವವರು ಎದುರಿಗೆ ಬಂದರೆ ಏನು ಮಾಡಬೇಕೆಂಬುದು ಮಾತ್ರ ಮೈಗೇ ಬಂದುಬಿಟ್ಟಿತ್ತು. ದ್ವೇಷವೇನಿರಲಿಲ್ಲ. ಅಭ್ಯಾಸ.

“ಕೈ ಎತ್ತು” ಎಂದಳು.

ದೊಡ್ಡಮ್ಮ ನಿಂತಳು. ಕಾವಲಿನವಳು ಆಗಲೇ ಎರಡು ಅಂಗೈಗಳನ್ನೂ ಅವಳ ಪಕ್ಕೆಯ ಹತ್ತಿರಕ್ಕೆ ತಂದಿದ್ದಳು. ದೊಡ್ಡಮ್ಮ ಆ ಕೈಗಳನ್ನು ನೋಡಿದಳು. ಆಮೇಲೆ ತನ್ನ ಕೈಗಳನ್ನು ನೋಡಿಕೊಂಡಳು. ಹತ್ತು ಬೆರಳಲ್ಲಿ ಉಗುರು ಉಳಿದದ್ದು ನಾಲ್ಕಕ್ಕೆ. ಮೂವತ್ತೆಂಟು ವರ್ಷ ದಿನವೂ ಸಂಜೆ ಈ ಕೈಗಳನ್ನು ಇದೇ ಗೇಟಿನಲ್ಲಿ ಎತ್ತಿದ್ದಳು. ಕೂಲಿಯ ಕೈ ಎಂದ ಮೇಲೆ ಎತ್ತಲೇಬೇಕು ಎಂದುಕೊಂಡಿದ್ದಳು.

“ಎತ್ತಲ್ಲ” ಎಂದಳು.

“ಏನು?”

“ಎತ್ತಲ್ಲ ಅಂದೆ.”

ಅವಳು ಕೂಗಲಿಲ್ಲ. ಆದರೂ ಅಂಗಳಕ್ಕೆಲ್ಲ ಕೇಳಿಸಿತು. ಕಾವಲಿನವಳು ಯಜಮಾನನ ಮುಖ ನೋಡಿದಳು. ಯಜಮಾನ ಬಿಟ್ಟುಬಿಡು ಎಂದು ಅವಸರವಾಗಿ ಕೈಸನ್ನೆ ಮಾಡಿದ. ಗೇಟು ತೆರೆಯಿತು. ದೊಡ್ಡಮ್ಮ ಹೊರಗೆ ಹೋಗಲಿಲ್ಲ. ತಿರುಗಿದಳು. ಬಂದ ಮೂವತ್ತು ಹೆಜ್ಜೆಯನ್ನೇ ಹಿಂದಕ್ಕೆ ನಡೆದು ಬಂದಳು, ಯಜಮಾನನ ಕುರ್ಚಿಯ ಪಕ್ಕದಲ್ಲೇ ಹಾದು, ಅವನ ಕಡೆ ಕಣ್ಣೂ ಹಾಯಿಸದೆ.

ಹೆಂಗಸರು ಸರಿದು ಜಾಗ ಮಾಡಿದರು. ಎದ್ದು ನಿಂತಿದ್ದ ಏಳು ಜನ ಕೂತರು. ನಾದಿನಿ ತನ್ನ ಏಪ್ರನ್ ಬಿಚ್ಚಿ ಒದ್ದೆ ನೆಲದ ಮೇಲೆ ಹಾಸಿದಳು. ದೊಡ್ಡಮ್ಮ ಅದರ ಮೇಲೆ ಕೂತು, ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು.

“ಅದನ್ನ ಅಳಿಸಪ್ಪ” ಎಂದಳು ಯಜಮಾನನಿಗೆ. “ನಾವು ಇಲ್ಲೇ ಇರ್ತೀವಿ.”

ಬಿಸಿಲು ಅಂಗಳದ ನಡುವಿಗೆ ಬಂದಿತ್ತು. ಒಳಗೆ ಕ್ರೇಟುಗಳಲ್ಲಿ ಸೀಗಡಿಯ ಕತ್ತು ಕಪ್ಪಾಗತೊಡಗಿತ್ತು. ಮೊದಲ ವಾಸನೆ ಬಾಗಿಲು ದಾಟಿ ಬಂದಾಗ ಯಜಮಾನ ಕರ್ಚೀಫು ತೆಗೆದು ಮೂಗಿಗೆ ಹಿಡಿದ. ಅರವತ್ತು ಹೆಂಗಸರಲ್ಲಿ ಒಬ್ಬಳೂ ಮೂಗು ಮುಚ್ಚಲಿಲ್ಲ.